ಬಿಸಿಲಿದ್ದಾಗ ಸೋಲಾರ್ ಟ್ರಿಪ್, ರಾತ್ರಿ ಡಿಮ್ ಕರೆಂಟ್: ಕೇರಿಗೆಲ್ಲ ಸೇರಿ ಒಂದು ಬ್ಯಾಟರಿ ಹಾಕಿದರೆ ಸರಿಹೋಗುತ್ತಾ?

ತುದಿಮನೆ
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸಣ್ಣ ಕೇರಿ ನಮ್ಮದು. 14 ಮನೆ, ಒಂದೇ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್). ಟಿಸಿಯಿಂದ ಕಡೇ ಮನೆಗೆ ಅರ್ಧ ಕಿಲೋಮೀಟರ್ ಎಲ್‌ಟಿ ಲೈನ್. ಆ ಕಡೇ ಮನೆ ನಮ್ಮದು.

ಕಳೆದ ಎರಡು ವರ್ಷದಲ್ಲಿ 5 ಮನೆಯವರು ಮಾಡಿನ ಮೇಲೆ ಸೋಲಾರ್ ಹಾಕಿಸಿದೆವು, 2ರಿಂದ 3 ಕಿಲೋವ್ಯಾಟ್. ಈಗ ತೊಂದರೆ ಮೂರು. ಒಂದು, ಒಳ್ಳೆ ಬಿಸಿಲಿರುವ 11ರಿಂದ 2 ಗಂಟೆ ಹೊತ್ತಿಗೇ ಇನ್ವರ್ಟರ್ (ಸೋಲಾರ್ ಕರೆಂಟನ್ನು ಮನೆ ಕರೆಂಟಾಗಿಸುವ ಪೆಟ್ಟಿಗೆ) ಕೈಕೊಡುತ್ತದೆ. ನಿನ್ನೆ 12:40ಕ್ಕೆ ನೋಡಿದೆ, ಪರದೆ ಮೇಲೆ 257 ವೋಲ್ಟ್, ಕೆಂಪು ದೀಪ, ಟಕ್ ಅಂತ ಬಂದ್. ಐದು ನಿಮಿಷಕ್ಕೆ ಮತ್ತೆ ಶುರು, ಮತ್ತೆ ಬಂದ್. ಎರಡು, ಅದೇ ಲೈನಿನಲ್ಲಿ ಸಂಜೆ 7ಕ್ಕೆ 190. ಮಿಕ್ಸಿ ಗೊರ ಗೊರ ಅನ್ನುತ್ತದೆ, ಟ್ಯೂಬ್‌ಲೈಟ್ ಹತ್ತುವುದಿಲ್ಲ. ಮೂರು, ಮಳೆಗಾಲದಲ್ಲಿ ಮರ ಬಿದ್ದು 4 ದಿನ ಕರೆಂಟ್ ಇರಲಿಲ್ಲ. ಅದರಲ್ಲಿ ಎರಡು ದಿನ ಚೆನ್ನಾಗಿಯೇ ಬಿಸಿಲು ಬಂದಿತ್ತು. ಆದರೂ ಐದೂ ಮನೆಯ ಸೋಲಾರ್ ಸತ್ತ ಹಾಗೆ ಕೂತಿತ್ತು. ಅಮ್ಮ ಕೇಳಿದರು, "ಸೂರ್ಯನೂ ಲೈನ್‌ಮ್ಯಾನ್ ಬರಲಿ ಅಂತ ಕಾಯ್ತಾನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಒಬ್ಬ ಮಾರಾಟಗಾರ ಬಂದು, 14 ಮನೆಗೂ ಸೇರಿ 15 ಯೂನಿಟ್‌ನ ಬ್ಯಾಟರಿ ಹಾಕಿಸಿ, ನಿಮ್ಮದೇ ಮೈಕ್ರೋಗ್ರಿಡ್, ಅಂದರೆ ಕೇರಿಯದ್ದೇ ಪುಟ್ಟ ವಿದ್ಯುತ್ ಜಾಲ, ಆಗುತ್ತದೆ, ಮೂರೂ ತೊಂದರೆ ಹೋಗುತ್ತದೆ ಅಂತಿದ್ದಾನೆ. ದುಡ್ಡು ಸಣ್ಣದಲ್ಲ. ಗೊತ್ತಿರುವವರು ಹೇಳಿ.

ಲೆಕ್ಕಾಚಾರ
ಹಾಕಿಸಿ. ಲಿಥಿಯಂ ಮಾತ್ರ ತಗೊಳ್ಳಿ, ಲೆಡ್ ಆಸಿಡ್ ಬೇಡ. ಲೆಡ್ ಆಸಿಡ್‌ನ 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಎಂದರೆ ಲೇಬಲ್ ಮೇಲೆ 1.8 ಯೂನಿಟ್. ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು. ಲಿಥಿಯಂ ಐರನ್ ಫಾಸ್ಫೇಟ್ 80-90 ಪರ್ಸೆಂಟ್ ಕೊಡುತ್ತದೆ.

ರಿಲೇ_ರೂಮ್
ಸ್ವಲ್ಪ ತಡೆಯಿರಿ. 31 ವರ್ಷ ಸಬ್‌ಸ್ಟೇಷನ್ ಮತ್ತು ಲೈನ್ ಕೆಲಸ ಮಾಡಿ ನಿವೃತ್ತನಾದವನು ನಾನು. ಮೂರು ಕಾಯಿಲೆಗೂ ಒಂದೇ ಮಾತ್ರೆ ಅಂದರೆ ನಂಬಬೇಡಿ.

ಮೊದಲು 257ರ ವಿಷಯ. ನಿಮ್ಮ ಟಿಸಿ 11 ಕೆವಿಯನ್ನು 433 ವೋಲ್ಟಿಗೆ ಇಳಿಸುತ್ತದೆ. ಅಂದರೆ ಲೋಡ್ ಇಲ್ಲದಾಗ ಒಂದು ಫೇಸಿಗೆ (ಮೂರು ಕರೆಂಟ್ ತಂತಿಗಳಲ್ಲಿ ಒಂದೊಂದಕ್ಕೆ) 250. ಹೋಗ್ತಾ ಹೋಗ್ತಾ ವೈರಿನಲ್ಲಿ ಇಳಿಯುತ್ತದೆ ಅನ್ನುವ ಲೆಕ್ಕದಲ್ಲೇ ಹೀಗೆ ಇಟ್ಟಿದ್ದಾರೆ. ಆ ಕಾಲದಲ್ಲಿ ಕರೆಂಟು ಟಿಸಿಯಿಂದ ಮನೆ ಕಡೆಗೆ ಮಾತ್ರ ಹರಿಯುತ್ತಿತ್ತು. ಈಗ ಮಧ್ಯಾಹ್ನ ನಿಮ್ಮ ಮನೆಯಿಂದ ಟಿಸಿ ಕಡೆಗೆ ಹರಿಯುತ್ತಿದೆ. ತಳ್ಳುವ ಕಡೆ ವೋಲ್ಟೇಜ್ ಏರಲೇಬೇಕು. ನಿಯಮದ ಪ್ರಕಾರ 110 ಪರ್ಸೆಂಟ್ ದಾಟಿದರೆ ಇನ್ವರ್ಟರ್ 2 ಸೆಕೆಂಡಿನಲ್ಲಿ ಬಿಟ್ಟುಕೊಳ್ಳಬೇಕು. 230ರ ಮೇಲೆ ಹಿಡಿದರೆ 253. ಅದು ಕೆಟ್ಟಿಲ್ಲ, ಹೇಳಿದ ಕೆಲಸ ಮಾಡುತ್ತಿದೆ.

ಈಗ ನನ್ನ ಪ್ರಶ್ನೆ: ಐದು ಸೋಲಾರ್ ಮನೆಗಳು ಯಾವ ಯಾವ ಫೇಸ್ ಮೇಲಿವೆ?

ತುದಿಮನೆ
ಗೊತ್ತಿಲ್ಲ ಸರ್. ಎಲ್ಲಾ ಸಿಂಗಲ್ ಫೇಸ್ ಅಂತ ಮಾತ್ರ ಗೊತ್ತು.

ರಿಲೇ_ರೂಮ್
ಅದನ್ನು ಮೊದಲು ತಿಳಿದುಕೊಳ್ಳಿ. ಲೆಕ್ಕ ಕೊಡುತ್ತೇನೆ. ರ್‍ಯಾಬಿಟ್ ಜಾತಿಯ ವೈರ್ ಎಂದಿಟ್ಟುಕೊಳ್ಳಿ, ಕಿಲೋಮೀಟರಿಗೆ ಸುಮಾರು ಅರ್ಧ ಓಮ್ ತಡೆ. 4 ಮನೆ ಒಂದೇ ಫೇಸಿನಲ್ಲಿ ಒಟ್ಟು 10 ಕಿಲೋವ್ಯಾಟ್ ತಳ್ಳಿದರೆ 42 ಆಂಪಿಯರ್. ಸರಾಸರಿ 250 ಮೀಟರ್ ದೂರ, ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್. ಸುಮಾರು 11 ವೋಲ್ಟ್ ಏರಿಕೆ. ಅದೇ 10 ಕಿಲೋವ್ಯಾಟನ್ನು ಮೂರು ಫೇಸಿಗೂ ಸಮ ಹಂಚಿದರೆ ನ್ಯೂಟ್ರಲ್‌ನಲ್ಲಿ ಏನೂ ಹರಿಯುವುದಿಲ್ಲ, ಒಂದೊಂದು ಫೇಸಿನಲ್ಲಿ 14 ಆಂಪಿಯರ್ ಅಷ್ಟೇ. ಏರಿಕೆ 2 ವೋಲ್ಟಿಗೆ ಇಳಿಯುತ್ತದೆ. ಒಂದು ರೂಪಾಯಿ ಬ್ಯಾಟರಿ ಬೇಕಾಗಿಲ್ಲ.

ಸಂಜೆ 190 ಬರುವುದೂ ಇದೇ ಕಾರಣಕ್ಕೆ ಇರಬಹುದು. ಎಲ್ಲರೂ ಒಂದೇ ಫೇಸಿನಿಂದ ಎಳೆಯುತ್ತಿದ್ದರೆ ಅದು ಕುಸಿಯುತ್ತದೆ.

ಬೆಂಗಳೂರು_ಮಹಡಿ
ಇಷ್ಟು ಸುಲಭ ಇದ್ದರೆ ಆಫೀಸಿನವರು ಯಾಕೆ ತಾವೇ ಮಾಡುವುದಿಲ್ಲ? ಸೋಲಾರ್ ಮೀಟರ್ ಹಾಕುವಾಗ ಫೇಸ್ ನೋಡಿ ಹಾಕಬೇಕಿತ್ತು ಅಲ್ವಾ?

ರಿಲೇ_ರೂಮ್
ನೋಡಬೇಕಿತ್ತು, ಖಂಡಿತ. ಆದರೆ ಅರ್ಜಿ ಬಂದಾಗ ಟಿಸಿಯ ಒಟ್ಟು ಕೆಪಾಸಿಟಿ ನೋಡುತ್ತಾರೆ, ಯಾವ ಕಂಬದಲ್ಲಿ ಯಾವ ಫೇಸ್ ಅಂತ ದಾಖಲೆ ಇರುವುದಿಲ್ಲ. ಅದು ಪವರ್‌ಮ್ಯಾನ್ ತಲೆಯಲ್ಲಿರುತ್ತದೆ. ಅವನ ವರ್ಗಾವಣೆಯಾದರೆ ಅದೂ ಹೋಯಿತು. ನನಗೆ ಇದು ಸಿಟ್ಟು ತರಿಸುವ ವಿಷಯ, ಸರ್ವಿಸ್‌ನಲ್ಲಿದ್ದಾಗಲೂ ಹೇಳುತ್ತಿದ್ದೆ.

ಕಂಬದ_ಕೆಳಗೆ
ನಮ್ಮಪ್ಪ ಲೈನ್‌ಮ್ಯಾನ್. ಮೂರನೇ ತೊಂದರೆಗೆ ನಾನು ಉತ್ತರ ಹೇಳುತ್ತೇನೆ. ದಯವಿಟ್ಟು ಎಲ್ಲರೂ ಓದಿ.

ಕರೆಂಟ್ ಹೋದಾಗ ಸೋಲಾರ್ ಬಂದ್ ಆಗಬೇಕು ಅನ್ನುವ ನಿಯಮ ಇರುವುದು ನಮ್ಮಪ್ಪನಂಥವರಿಗಾಗಿ. ಮರ ಬಿದ್ದಿದೆ, ಸಬ್‌ಸ್ಟೇಷನ್ನಿನಿಂದ ಎಲ್‌ಸಿ (ಲೈನ್ ಬಂದ್ ಆಗಿದೆ ಎನ್ನುವ ಅನುಮತಿ) ತಗೊಂಡಿದ್ದಾರೆ, ಜಿಒಎಸ್ (ಲೈನ್ ಕಡಿಯುವ ಕಂಬದ ಸ್ವಿಚ್) ಎಳೆದಿದ್ದಾರೆ. ಲೈನ್ ಸತ್ತಿದೆ ಅಂತ ಕಂಬ ಹತ್ತುತ್ತಾರೆ. ಆಗ ಯಾವುದೋ ಮನೆಯಿಂದ 230 ವೋಲ್ಟ್ ವಾಪಸ್ ಬಂದರೆ ಅದೇ ಟಿಸಿ ಉಲ್ಟಾ ಕೆಲಸ ಮಾಡಿ ಆ ಕಡೆ 11 ಸಾವಿರ ಮಾಡಿಕೊಡುತ್ತದೆ.

ನಮ್ಮಪ್ಪನಿಗೆ ಹೊಡೆದದ್ದು ಸೋಲಾರ್ ಅಲ್ಲ, ಒಂದು ಮದುವೆ ಮನೆಯ ಜನರೇಟರ್. ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವುದು) ಇಲ್ಲದೆ ನೇರ ಬೋರ್ಡಿಗೆ ಸಿಕ್ಕಿಸಿದ್ದರು. ಆ ದಿನ ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಸಿಕ್ಕಿಸುವುದಕ್ಕೆ ಮೊದಲೇ ಕೈ ತಾಗಿತು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ, ಅನ್ನ ಕಲಸುವಾಗ ನೋಡುತ್ತೇನೆ. ಜೀವ ಉಳಿಯಿತು. ಆದ್ದರಿಂದ ಕರೆಂಟ್ ಹೋದರೂ ಸೋಲಾರ್ ಓಡಲಿ ಅಂತ ಯಾರಾದರೂ ಇನ್ವರ್ಟರ್ ಸೆಟ್ಟಿಂಗ್ ಬದಲಾಯಿಸಿಕೊಟ್ಟರೆ ಒಪ್ಪಬೇಡಿ.

ತುದಿಮನೆ
ಅಯ್ಯೋ. ಇದು ನನಗೆ ಹೊಳೆದೇ ಇರಲಿಲ್ಲ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅಮ್ಮನಿಗೆ ಓದಿ ಹೇಳಿದೆ, ಸುಮ್ಮನೆ ಕೂತು ಕೇಳಿದರು.

ಅಡಿಲೇಡ್_ಕನ್ನಡತಿ
ನಾನು ದಕ್ಷಿಣ ಆಸ್ಟ್ರೇಲಿಯಾದಲ್ಲಿದ್ದೇನೆ. 2016ರ ಸೆಪ್ಟೆಂಬರ್ 28ಕ್ಕೆ ಬಿರುಗಾಳಿಯಲ್ಲಿ ಇಡೀ ರಾಜ್ಯದ ಕರೆಂಟ್ ಹೋಯಿತು. ಮುಂದಿನ ವರ್ಷದ ಕೊನೆಗೆ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್, 129 ಮೆಗಾವ್ಯಾಟ್ ಅವರ್‌ನ ಬ್ಯಾಟರಿ ಬಂತು. ಎಲ್ಲರೂ ಆ ಬ್ಯಾಟರಿ ಬಗ್ಗೆಯೇ ಮಾತಾಡುತ್ತಾರೆ. ನಿಮ್ಮ ಕೇರಿಗೆ ಹೊಂದುವ ಪಾಠ ಇನ್ನೊಂದಿದೆ.

ಇಲ್ಲಿ ಮನೆ ಮನೆಯಲ್ಲೂ ಸೋಲಾರ್. ನಿಮ್ಮ ಹಾಗೇ ಮಧ್ಯಾಹ್ನ ವೋಲ್ಟೇಜ್ ಏರುತ್ತಿತ್ತು. ಮೊದಲು ಹೊಸಬರಿಗೆ, ಲೈನ್ ತುಂಬಿದೆ, 1.5 ಕಿಲೋವ್ಯಾಟಿಗಿಂತ ಜಾಸ್ತಿ ಹೊರಗೆ ಕಳಿಸಬೇಡಿ ಎಂದು ಕಟ್ಟಿಹಾಕಿದರು. ಆಮೇಲೆ ಬದಲಾಯಿಸಿದರು. ಈಗ ವಿತರಣಾ ಕಂಪನಿ ಲೈನಿನ ಸ್ಥಿತಿ ನೋಡಿ ಇನ್ವರ್ಟರಿಗೆ ಆಗಾಗ ಮಿತಿ ಕಳಿಸುತ್ತದೆ. ಲೈನ್ ಖಾಲಿ ಇದ್ದರೆ 10 ಕಿಲೋವ್ಯಾಟ್‌ವರೆಗೆ ಕಳಿಸಿ, ತುಂಬಿದ್ದರೆ 1.5. ವರ್ಷದ ಬಹುಪಾಲು ಹೊತ್ತು ಪೂರ್ತಿ ಕಳಿಸಬಹುದು. ಹೊಸ ತಂತಿ ಎಳೆಯದೆ ಜಾಗ ಸಿಕ್ಕಿತು. ನಿಮ್ಮದು ಬರೀ ಬಂದ್ ಇಲ್ಲವೇ ಚಾಲೂ. ನಮ್ಮದು ನಲ್ಲಿ ತಿರುಗಿಸಿದ ಹಾಗೆ.

ಲೆಕ್ಕಾಚಾರ
ನಮ್ಮ ಹಳ್ಳಿಯಲ್ಲಿ ಎರಡು ದಿನ ಇಂಟರ್‌ನೆಟ್ಟೇ ಇರುವುದಿಲ್ಲ ಅಕ್ಕ, ಇನ್ನು ಇನ್ವರ್ಟರಿಗೆ ಮಿತಿ ಕಳಿಸುವುದು ಎಲ್ಲಿಂದ?

ಅಡಿಲೇಡ್_ಕನ್ನಡತಿ
ಸಂಪರ್ಕ ಹೋದರೆ ತಾನಾಗಿ ಕಡಿಮೆ ಮಿತಿಗೆ ಇಳಿಯುವ ಹಾಗೆ ಇಟ್ಟಿರುತ್ತಾರೆ. ಮತ್ತೆ ಇಂಟರ್‌ನೆಟ್ ಬೇಡದ ದಾರಿಯೂ ಇದೆ. ಈಗಿನ ಬಹಳಷ್ಟು ಇನ್ವರ್ಟರ್‌ಗಳಲ್ಲಿ ವೋಲ್ಟೇಜ್ ಏರಿದ ಹಾಗೆ ತಾನೇ ನಿಧಾನ ಮಾಡುವ ಸೌಲಭ್ಯ ಒಳಗೇ ಇರುತ್ತದೆ. ಆನ್ ಮಾಡಿರುವುದಿಲ್ಲ ಅಷ್ಟೇ. ಆದರೆ ಅದನ್ನು ನಿಮ್ಮ ಕಂಪನಿಯವರ ಒಪ್ಪಿಗೆಯಿಂದ ಮಾಡಿಸಬೇಕು, ಮೇಲೆ ಹೇಳಿದ ಕಾರಣಕ್ಕೆ.

ಪಾವಗಡ_ಬಯಲು
ನಮ್ಮ ಕಡೆಯ ಮಾತೂ ಸೇರಿಸುತ್ತೇನೆ. ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, 13 ಸಾವಿರ ಎಕರೆ. ಜಮೀನು ಮಾರಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರುವಾದ ಗುತ್ತಿಗೆ. ಮಧ್ಯಾಹ್ನ ಸಮುದ್ರದ ಹಾಗೆ ಹೊಳೆಯುತ್ತದೆ, ಸಂಜೆ ಆರಕ್ಕೆ ಸೊನ್ನೆ. ನಿಮ್ಮ ಕೇರಿಯ ಕಥೆಯೇ ಇಡೀ ರಾಜ್ಯದ ಕಥೆ. ಮಧ್ಯಾಹ್ನ ಜಾಸ್ತಿ, ಸಂಜೆ ಕಡಿಮೆ.

ಅದಕ್ಕೇ ಪಂಪ್‌ಸೆಟ್ಟಿಗೆ ಹಗಲು ತ್ರೀ ಫೇಸ್ ಕೊಡಿ ಅನ್ನುವುದು. ರೈತ ರಾತ್ರಿ 2 ಗಂಟೆಗೆ ಟಾರ್ಚ್ ಹಿಡಿದು ಹಾವು ಚೇಳಿನ ಮಧ್ಯೆ ಮೋಟಾರ್ ಹಾಕುವುದೂ ತಪ್ಪುತ್ತದೆ, ಹಗಲಿನ ಸೋಲಾರ್ ಅಲ್ಲೇ ಖರ್ಚಾಗುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಮತ್ತು ಪಂಪ್‌ಸೆಟ್ ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್) ಬೇರೆ ಮಾಡಿದ್ದರಿಂದಲೇ ಇದು ಸಾಧ್ಯ. ಕುಸುಮ್ ಯೋಜನೆಯಲ್ಲಿ ಆ ಪಂಪ್ ಫೀಡರಿಗೇ ಸಬ್‌ಸ್ಟೇಷನ್ ಪಕ್ಕ ಸೋಲಾರ್ ಜೋಡಿಸುತ್ತಿದ್ದಾರೆ.

ಶರಾವತಿ_ಕಣಿವೆ
ಸಂಜೆಗೆ ಕರೆಂಟ್ ಬೇಕು ಅನ್ನುವ ಹೆಸರಿನಲ್ಲೇ ನಮ್ಮ ಕಾಡು ಅಗೆಯಲು ಹೊರಟಿದ್ದಾರೆ. ತಳಕಳಲೆಯಿಂದ ಗೇರುಸೊಪ್ಪಕ್ಕೆ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್. ಸಿಂಗಳೀಕ ಇರುವ ಕಾಡು ಅದು. ಲಿಂಗನಮಕ್ಕಿಗೆ ಊರು ಕೊಟ್ಟವರಿಗೆ ಇನ್ನೂ ಹಕ್ಕುಪತ್ರದ ಗೋಳು ಮುಗಿದಿಲ್ಲ.

ರಿಲೇ_ರೂಮ್
ನಿಮ್ಮ ನೋವು ಗೊತ್ತು. ಆದರೆ ಎರಡೂ ಕೆರೆ ಆಗಲೇ ಇವೆ, ಹೊಸ ಅಣೆಕಟ್ಟು ಬೇಡ, ನೀರನ್ನು ಹಗಲು ಮೇಲೆತ್ತಿ ಸಂಜೆ ಬಿಡುವುದು. ಆ ಪ್ರಮಾಣದ ಶೇಖರಣೆಗೆ ಬ್ಯಾಟರಿಗಿಂತ ಬಾಳಿಕೆ ಜಾಸ್ತಿ.

ಶರಾವತಿ_ಕಣಿವೆ
ಸುರಂಗ ಕೊರೆಯಲು, ರಸ್ತೆ ಮಾಡಲು, ಲೈನ್ ಎಳೆಯಲು ಮರ ಕಡಿಯಬೇಕಲ್ಲ ಸರ್. ಇದೇ ಶೇಖರಣೆಯನ್ನು 14 ಮನೆ, 14 ಮನೆ ಅಂತ ಊರೂರಲ್ಲಿ ಹಂಚಬಾರದೇಕೆ? ನಾನು ಒಪ್ಪುವುದಿಲ್ಲ.

ರಿಲೇ_ರೂಮ್
ಒಪ್ಪಬೇಡಿ. ಇದಕ್ಕೆ ಬೇರೆ ಚರ್ಚೆಯೇ ತೆರೆಯೋಣ, ನಾನು ಬರುತ್ತೇನೆ. ಇಲ್ಲಿ ತುದಿಮನೆಯವರ ಲೈನ್ ಸರಿಮಾಡೋಣ.

ಅಬ್ಬಿನೀರು
ಎಲ್ಲರೂ ಸೋಲಾರ್ ಸೋಲಾರ್ ಅನ್ನುತ್ತಿದ್ದೀರಿ. ಮಲೆನಾಡಿನವರು ಮಾರಾಯ್ರೆ ಅವರು! ನಿಮ್ಮ ಕರೆಂಟ್ ಹೋಗುವುದು ಯಾವಾಗ? ಜೂನ್, ಜುಲೈ, ಆಗಸ್ಟ್. ಆಗ ಬಿಸಿಲು ಎಲ್ಲಿದೆ? ವರ್ಷದ ಸರಾಸರಿಯಲ್ಲಿ ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಬರುವುದು ಸರಿ, ಆಟಿ ತಿಂಗಳ ಮಳೆಯಲ್ಲಿ ಅದರ ಕಾಲುಭಾಗಕ್ಕೂ ಬೀಳಬಹುದು. ಬ್ಯಾಟರಿ ಎಷ್ಟು ದೊಡ್ಡದಿದ್ದರೇನು, ತುಂಬಿಸುವುದು ಯಾವುದರಿಂದ?

ನಮ್ಮ ಮನೆಯಲ್ಲಿ 18 ವರ್ಷದಿಂದ ಸಣ್ಣ ಟರ್ಬೈನ್ ಇದೆ. ಗುಡ್ಡದ ಝರಿಯಿಂದ ಪೈಪ್. ಸೆಕೆಂಡಿಗೆ 5 ಲೀಟರ್ ನೀರು, 20 ಮೀಟರ್ ಎತ್ತರ, ಅರ್ಧ ನಷ್ಟ ಎಂದು ಹಿಡಿದರೂ ಸುಮಾರು 490 ವ್ಯಾಟ್. ಕೇಳಲು ಸಣ್ಣದು. ಆದರೆ 24 ಗಂಟೆ ಓಡುತ್ತದೆ, ದಿನಕ್ಕೆ 11-12 ಯೂನಿಟ್. 3 ಕಿಲೋವ್ಯಾಟ್ ಸೋಲಾರ್ ಒಳ್ಳೇ ಬಿಸಿಲಲ್ಲಿ ಕೊಡುವಷ್ಟು! ಅದೂ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಝರಿ ಬತ್ತಿದರೆ ಸೋಲಾರ್ ಇದ್ದೇ ಇದೆ. ನಮ್ಮ ಕಡೆಗೆ ಇವೆರಡರ ಜೋಡಿ.

ಲೆಕ್ಕಾಚಾರ
ಈ ಲೆಕ್ಕ ಚೆನ್ನಾಗಿದೆ. ನಾನೂ ಒಂದು ಹಾಕಿ ನೋಡಿದೆ. 14 ಮನೆ, ಮನೆಗೆ ದೀಪ, ಫ್ಯಾನ್, ಫೋನು, ರೂಟರ್ ಸೇರಿ 150 ವ್ಯಾಟ್, ಸಂಜೆಯಿಂದ ನಾಲ್ಕು ತಾಸು. 8.4 ಯೂನಿಟ್. ನೀರಿನ ಪಂಪ್ ಸೇರಿದರೆ 9-10. ಫ್ರಿಜ್ ಸೇರಿಸಿದರೆ ಎಲ್ಲ ತಲೆಕೆಳಗು. 15 ಯೂನಿಟ್ ಬ್ಯಾಟರಿ ಒಂದು ರಾತ್ರಿಗೆ ಸಾಕು, ನಾಲ್ಕು ದಿನಕ್ಕೆ ಅಲ್ಲ. ಮೊದಲು ಹಾಕಿಸಿ ಅಂದೆ, ಆ ಮಾತು ವಾಪಸ್ ತಗೊಳ್ಳುತ್ತೇನೆ.

ಬೆಂಗಳೂರು_ಮಹಡಿ
ಇನ್ನೊಂದು ವಿಷಯ. 14 ಮನೆಗೆ ಹಂಚುವುದು ಯಾವ ತಂತಿಯಲ್ಲಿ? ಈಗಿರುವ ಕಂಬ, ತಂತಿ ಕಂಪನಿಯದು. ಅದರಲ್ಲಿ ನೀವು ಕರೆಂಟ್ ಬಿಡುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲಿ ವಿತರಣೆಗೆ ಲೈಸೆನ್ಸ್ ಬೇಕು. ಸರ್ಕಾರ ಗುರುತಿಸಿದ ಗ್ರಾಮೀಣ ಪ್ರದೇಶಕ್ಕೆ ವಿನಾಯಿತಿ ಇದೆ, ಆದರೂ ತಂತಿ ನಿಮ್ಮದೇ ಇರಬೇಕು. ಮಾರಾಟಗಾರ ಇದನ್ನು ಹೇಳಿದ್ದಾನಾ?

ತುದಿಮನೆ
ಇಲ್ಲ. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ" ಅಂದ.

ಬೆಂಗಳೂರು_ಮಹಡಿ
ಬರವಣಿಗೆಯಲ್ಲಿ ಕೊಡಲು ಹೇಳಿ.

ರಿಲೇ_ರೂಮ್
ತಾಂತ್ರಿಕವಾಗಿಯೂ ಕೇಳಬೇಕಾದ ಮೂರು ಪ್ರಶ್ನೆ ಇವೆ. ಕರೆಂಟ್ ಹೋದಾಗ ಕೇರಿಯನ್ನು ಮುಖ್ಯ ಲೈನಿನಿಂದ ಬೇರೆ ಮಾಡುವ ಸ್ವಿಚ್ ಎಲ್ಲಿರುತ್ತದೆ, ಅದರ ಬೀಗದ ಕೈ ಯಾರ ಹತ್ತಿರ? ಬೇರೆಯಾದ ಮೇಲೆ 50 ಹರ್ಟ್ಸ್, ಅಂದರೆ ಕರೆಂಟಿನ ಸೆಕೆಂಡಿಗೆ 50 ಅಲೆಯ ತಾಳ, ಹುಟ್ಟಿಸುವವರು ಯಾರು? ಸಾಮಾನ್ಯ ಸೋಲಾರ್ ಇನ್ವರ್ಟರ್ ಗ್ರಿಡ್ಡಿನ ತಾಳ ಕೇಳಿ ಹಾಡುವುದು, ತಾನೇ ತಾಳ ಹಾಕಲಾರದು. ಬ್ಯಾಟರಿಯ ಇನ್ವರ್ಟರ್ ತಾಳ ಹಾಕುವ ಜಾತಿಯದಾಗಿರಬೇಕು. ಬ್ಯಾಟರಿ ತುಂಬಿದಾಗ ಅದು ತಾಳವನ್ನು ಸ್ವಲ್ಪ ಬೇಗ ಮಾಡುತ್ತದೆ, ಅದನ್ನು ಕೇಳಿ ಸೋಲಾರ್ ಹಿಂದೆ ಸರಿಯುತ್ತದೆ. ಕೊನೆಯದು, ಕರೆಂಟ್ ವಾಪಸ್ ಬಂದಾಗ ಎರಡರ ವೋಲ್ಟೇಜ್, ಹರ್ಟ್ಸ್, ಅಲೆ ಎಲ್ಲಾ ಹೊಂದಿದ ಮೇಲೇ ಜೋಡಿಸಬೇಕು. ಅದನ್ನು ನೋಡುವ ಯಂತ್ರ ಇದೆಯಾ?

2013ರ ಕೊನೇ ದಿನ ರಾಯಚೂರು-ಸೊಲ್ಲಾಪುರ 765 ಕೆವಿ ಲೈನಿನಿಂದ ದಕ್ಷಿಣದ ಗ್ರಿಡ್ಡನ್ನು ದೇಶದ ಗ್ರಿಡ್ಡಿಗೆ ಸೇರಿಸಿದಾಗಲೂ ಇದೇ ನೋಡಿದ್ದು. 14 ಮನೆಗೂ ಅದೇ ನಿಯಮ.

ಪಾಟ್ನಾ_ಪರಿಚಯ
ಬಿಹಾರದಲ್ಲಿ ಕೆಲಸ ಮಾಡಿದವನು. ಜಹಾನಾಬಾದ್ ಜಿಲ್ಲೆಯ ಧರ್ನೈ ಊರಿನಲ್ಲಿ 2014ರಲ್ಲಿ 100 ಕಿಲೋವ್ಯಾಟ್ ಸೋಲಾರ್ ಮೈಕ್ರೋಗ್ರಿಡ್ ಶುರುವಾಯಿತು. ದೊಡ್ಡ ಸುದ್ದಿ. ಸ್ವಲ್ಪ ದಿನಕ್ಕೆ ಸರ್ಕಾರಿ ಕರೆಂಟ್ ಬಂತು, ದರ ಕಡಿಮೆ, ಜನ ಆ ಕಡೆ ಹೋದರು. ಬ್ಯಾಟರಿ ಹಳೆಯದಾಯಿತು, ಬದಲಾಯಿಸುವವರಿಲ್ಲ. ಕೊನೆಗೆ ಮೂಲೆಗೆ ಬಿತ್ತು. ಎರಡೂ ಒಂದಕ್ಕೊಂದು ಜೋಡಿ ಆಗಿದ್ದರೆ ಹಗಲಿನ ಕರೆಂಟನ್ನು ಗ್ರಿಡ್ಡಿಗೆ ಮಾರಿ ಬ್ಯಾಟರಿ ದುಡ್ಡು ಹುಟ್ಟಿಸಬಹುದಿತ್ತು. ಗುಜರಾತಿನ ಮೊಢೇರಾದಲ್ಲಿ 2022ರಲ್ಲಿ ಹಾಗೆ ಜೋಡಿಸಿಯೇ ಮಾಡಿದರು, 6 ಮೆಗಾವ್ಯಾಟ್ ಸೋಲಾರ್ ಪಕ್ಕ ಬ್ಯಾಟರಿ, ಮನೆಗಳ ಮೇಲೂ ಸೋಲಾರ್, ಎಲ್ಲಾ ಗ್ರಿಡ್ ಜೊತೆಗೇ.

ಲೆಕ್ಕಾಚಾರ
ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದಿರುವಾಗ ಬ್ಯಾಟರಿಗೆ ವಂತಿಗೆ ಯಾರು ಕೊಡುತ್ತಾರೆ ಅನ್ನುವುದೂ ಪ್ರಶ್ನೆ.

ತುದಿಮನೆ
ಕೊಡುತ್ತಾರೆ. ಬಿಲ್ಲಿಗಲ್ಲ, ಆ ನಾಲ್ಕು ದಿನಕ್ಕೆ. ಪಕ್ಕದ ಮನೆ ಅಜ್ಜನಿಗೆ ನೆಬ್ಯುಲೈಜರ್ ಬೇಕು. ಆವತ್ತು ಕಾರಿನ ಬ್ಯಾಟರಿಯಿಂದ ಓಡಿಸಿದೆವು.

ತೋಟದ_ಟ್ಯಾಂಕ್
ನಮ್ಮ ಊರಲ್ಲಿ ಮಾಡಿದ್ದು ಹೇಳುತ್ತೇನೆ, ಖರ್ಚಿಲ್ಲದ್ದು. ಕುಡಿಯುವ ನೀರಿನ ಪಂಪ್, ತೋಟದ ಸ್ಪ್ರಿಂಕ್ಲರ್, ಅಡಿಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿ ಎಲ್ಲಾ 11ರಿಂದ 3ರ ಒಳಗೆ. ಮೇಲಿನ ಟ್ಯಾಂಕ್ ತುಂಬಿದರೆ ಅದೇ ಬ್ಯಾಟರಿ. ಸಂಜೆ ಮೋಟಾರ್ ಹಾಕದಿದ್ದರೆ ಡಿಮ್ಮೂ ಕಡಿಮೆ. ಮೊದಲು ಹೆಂಗಸರೇ ಒಪ್ಪಿದ್ದು, ಗಂಡಸರಿಗೆ ಸಂಜೆ ಮೋಟಾರ್ ಹಾಕುವ ಅಭ್ಯಾಸ ಬಿಡಲು ಒಂದು ಸೀಸನ್ ಬೇಕಾಯಿತು.

ತುದಿಮನೆ
ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಸೆಕ್ಷನ್ ಆಫೀಸಿನ ಜೆಇ (ಜೂನಿಯರ್ ಎಂಜಿನಿಯರ್) ಹತ್ತಿರ ಅರ್ಜಿ ಕೊಟ್ಟೆ, ಜೊತೆಗೆ ಐದು ಮನೆಯ ಮಧ್ಯಾಹ್ನದ ವೋಲ್ಟೇಜನ್ನು ಒಂದು ವಾರ ಬರೆದ ಪಟ್ಟಿ. ಪಟ್ಟಿ ನೋಡಿದ ಮೇಲೆ ಬಂದರು. ಪವರ್‌ಮ್ಯಾನ್ ಕಂಬ ಕಂಬ ನೋಡಿದ. ಐದರಲ್ಲಿ ನಾಲ್ಕು ಸೋಲಾರ್ ಮನೆ ಒಂದೇ ಫೇಸ್! ಒಟ್ಟು 14ರಲ್ಲಿ 9 ಮನೆ ಅದೇ ಫೇಸ್. ಎಲ್‌ಸಿ ತಗೊಂಡು, ಅರ್ಥಿಂಗ್ ರಾಡ್ ಹಾಕಿ, ಎರಡು ಸೋಲಾರ್ ಮನೆ ಮತ್ತು ಎರಡು ಸಾದಾ ಮನೆಯ ಸರ್ವಿಸ್ ವೈರ್ ಬೇರೆ ಫೇಸಿಗೆ ಹಾಕಿಕೊಟ್ಟ. ಎರಡು ಗಂಟೆ ಕೆಲಸ. ಊಟ ನಮ್ಮನೆಯಲ್ಲೇ. ಅಮ್ಮ ಅವನ ಕೈಬೆರಳು ನೋಡುತ್ತಿದ್ದರು.

ಈಗ ಮಧ್ಯಾಹ್ನ 248. ಹತ್ತು ದಿನದಿಂದ ಒಂದೂ ಟ್ರಿಪ್ ಇಲ್ಲ. ಸಂಜೆ 190 ಇದ್ದದ್ದು 209. ಪಂಪ್ ಮಧ್ಯಾಹ್ನಕ್ಕೆ ತಂದ ದಿನ 214.

15 ಯೂನಿಟ್ ಬ್ಯಾಟರಿ ಬೇಡ ಎಂದು ತೀರ್ಮಾನ. ಅಜ್ಜನ ಮನೆಗೆ ಮಾತ್ರ ಸಣ್ಣ ಲಿಥಿಯಂ ಬ್ಯಾಟರಿ, ಬೇರೆ ಬೋರ್ಡು, ಚೇಂಜ್‌ಓವರ್ ಸಮೇತ. ಅದರ ಚಿತ್ರ ಸೆಕ್ಷನ್ ಆಫೀಸಿಗೂ ಕೊಟ್ಟಿದ್ದೇವೆ.

ಕಂಬದ_ಕೆಳಗೆ
ಅಪ್ಪನಿಗೆ ಓದಿ ಹೇಳಿದೆ. ರಾಡ್ ಹಾಕಿದ್ದು ಕೇಳಿ ಖುಷಿಪಟ್ಟರು.

ರಿಲೇ_ರೂಮ್
ಯಾವ ಮನೆ ಯಾವ ಫೇಸ್ ಅಂತ ಕಂಬದ ಮೇಲೆ ಬಣ್ಣದಲ್ಲಿ ಬರೆಸಿ. ಕೆಂಪು, ಹಳದಿ, ನೀಲಿ. ಆರನೇ ಸೋಲಾರ್ ಬಂದಾಗ ಬೇಕಾಗುತ್ತದೆ.

ಅಬ್ಬಿನೀರು
ಝರಿ ಅಳೆದಿರಾ?

ತುದಿಮನೆ
ಅಳೆದೆ. ಹಿತ್ತಿಲ ಮೇಲಿನ ಝರಿ. 20 ಲೀಟರ್ ಬಕೆಟ್ 5 ಸೆಕೆಂಡಿಗೆ ತುಂಬಿತು. ಎತ್ತರ 18 ಮೀಟರ್. ನಿಮ್ಮ ಲೆಕ್ಕದಲ್ಲಿ 350 ವ್ಯಾಟ್ ಬರುತ್ತದೆ, ಅದೂ ಮಳೆ ನಿಂತ ಮೇಲಿನ ನೀರು. ಪೈಪ್ 120 ಮೀಟರ್ ಬೇಕು. ಎರಡೂವರೆ ಇಂಚು ಸಾಕಾ, ಮೂರು ಬೇಕಾ?

ಅಬ್ಬಿನೀರು
ಮೂರು ಹಾಕಿ. ಅಷ್ಟು ಉದ್ದಕ್ಕೆ ಸಣ್ಣ ಪೈಪಾದರೆ ಉಜ್ಜಾಟದಲ್ಲೇ ಎರಡು ಮೀಟರ್ ಎತ್ತರ ಹೋಗುತ್ತದೆ. ಬಾಯಿಗೆ ಜಾಲರಿ ಮರೆಯಬೇಡಿ, ಎಲೆ ಕಟ್ಟಿಕೊಳ್ಳುತ್ತದೆ. ಭಾನುವಾರ ಬರುತ್ತೇನೆ, ಜಾಗ ನೋಡೋಣ.